ಹತ್ತು ಕೆಂಪು, ಹತ್ತು ಬಿಳಿ

ಆ ಬಡಾವಣೆಯ ನೂರ ಹನ್ನೆರಡು ಮನೆಗಳಲ್ಲಿ ‘ಹೌದು’ ಎಂದವನು ಒಬ್ಬನೇ. ಪ್ರಶ್ನೆ ಕೇಳಲು ಹೋಗಿದ್ದವನೂ ಅವನೇ. ಅವನ ಬುದ್ಧಿವಂತಿಕೆ ಎಷ್ಟಿತ್ತೆಂದು ಇಷ್ಟರಲ್ಲೇ ಅಂದಾಜು ಸಿಕ್ಕಿರಬೇಕು.

ಕಚೇರಿಯಲ್ಲೂ ಬೀದಿಯಲ್ಲೂ ಅವನನ್ನು ಕಾಲಂ ಎಂದು ಕರೆಯುತ್ತಿದ್ದರು. ಅಂಕಿ-ಅಂಶಗಳ ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ತಾತ್ಕಾಲಿಕ ಗುಮಾಸ್ತ. ಅರ್ಜಿಯಲ್ಲಿ ಒಂದು ಕಾಲಂ ಖಾಲಿ ಉಳಿದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಕೆಲಸಕ್ಕೆ ಹಾಕಿದ್ದ ತನ್ನದೇ ಅರ್ಜಿಯಲ್ಲಿ ‘ವಿಶೇಷ ಸಾಧನೆಗಳು’ ಎಂಬಲ್ಲಿ ‘ಇನ್ನೂ ಇಲ್ಲ’ ಎಂದು ಬರೆದಿದ್ದ. ಹನ್ನೊಂದು ವರ್ಷದ ಮೇಲೂ ಅದನ್ನು ತಿದ್ದುವ ಅಗತ್ಯ ಬಂದಿರಲಿಲ್ಲ.

ಮನೆ ಎಂದರೆ ಮಹಡಿಯ ಮೇಲಿನ ಎರಡು ಕೋಣೆ. ಮುಂದಿನ ಕೋಣೆಯ ಕಿಟಕಿಗೆ ತಾಗಿದಂತೆ ಒಂದು ಕಬ್ಬಿಣದ ಮಂಚ, ಮಂಚದ ಮೇಲೆ ಆರು ವರ್ಷದಿಂದ ಅಪ್ಪ. ಅಪ್ಪನ ಎಡಭಾಗ ಬಿದ್ದುಹೋಗಿತ್ತು. ಬಲಗೈ, ನಾಲಿಗೆ, ಕಿವಿ ಮೂರೂ ಚೆನ್ನಾಗಿದ್ದವು. ಕಿವಿಯಂತೂ ಅಗತ್ಯಕ್ಕಿಂತ ಚೆನ್ನಾಗಿತ್ತು. ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ಮೂವತ್ತು ವರ್ಷ ಅಂಗಡಿಗಳ ತಕ್ಕಡಿ ಪರೀಕ್ಷೆ ಮಾಡಿದ್ದವರು ಈಗ ಸೊಸೆ ತರುವ ಲೋಟದ ನೀರನ್ನು ಕಣ್ಣಲ್ಲೇ ಅಳೆಯುತ್ತಿದ್ದರು.

ಹಾಸಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಅವರ ಮಗ್ಗುಲು ಬದಲಿಸಬೇಕಿತ್ತು. ಹಗಲೆಲ್ಲ ಕಾಲಂ ಕಚೇರಿಯಲ್ಲಿ ಇರುತ್ತಿದ್ದದ್ದರಿಂದ ಆ ಕೆಲಸ ಹೆಂಡತಿಯದು. ಅಪ್ಪ ಎಪ್ಪತ್ತೆಂಟು ಕೆಜಿ, ಹೆಂಡತಿ ನಲವತ್ತಾರು. ಕಳೆದ ವರ್ಷದಿಂದ ಅವಳ ಸೊಂಟ ಹಿಡಿದುಕೊಂಡಿತ್ತು. ಬೆಳಿಗ್ಗೆ ಎದ್ದು ನೆಟ್ಟಗಾಗಲು ಗೋಡೆ ಹಿಡಿದು ಕಾಲು ಗಂಟೆ ಬೇಕಾಗುತ್ತಿತ್ತು. ಡಾಕ್ಟರು ಭಾರ ಎತ್ತಬೇಡಿ ಎಂದಿದ್ದರು. ಎತ್ತದಿದ್ದರೆ ಯಾರು ಎತ್ತಬೇಕು ಎಂದು ಅವರು ಬರೆದುಕೊಟ್ಟಿರಲಿಲ್ಲ.

ಹೀಗಿರುವಾಗ ಆರೋಗ್ಯ ಇಲಾಖೆ ಒಂದು ಯೋಜನೆ ತಂದಿತು. ಹಾಸಿಗೆ ಹಿಡಿದವರಿರುವ ಮನೆಗಳಿಗೆ ವಾರಕ್ಕೆ ಮೂರು ದಿನ ನರ್ಸ್ ಬರುತ್ತಾಳೆ, ಮೈ ಒರೆಸುತ್ತಾಳೆ, ಮಗ್ಗುಲು ಬದಲಿಸುತ್ತಾಳೆ. ಆದರೆ ಎಲ್ಲ ಬಡಾವಣೆಗೂ ಇಲ್ಲ. ನೋಡಿಕೊಳ್ಳುವವರಲ್ಲಿ ಕಾಲುಭಾಗದಷ್ಟಾದರೂ ಸೋತುಹೋಗಿದ್ದಾರೆ ಎಂದು ಅಂಕಿ-ಅಂಶ ತೋರಿಸಿದ ಕಡೆಗೆ ಮಾತ್ರ. ಅಂಕಿ-ಅಂಶ ತರಬೇಕಾದವರಲ್ಲಿ ಕಾಲಂ ಒಬ್ಬ. ಅವನ ಪಾಲಿಗೆ ಅವನದೇ ಬಡಾವಣೆ ಬಂತು, ಅಲ್ಲಿ ಅಂಥ ಮನೆ ನೂರ ಹನ್ನೆರಡು. ವಿಷಯ ತಿಳಿದ ದಿನ ಹೆಂಡತಿ, ನರ್ಸ್ ಬಂದರೆ ಕೂರಲಿ ಎಂದು ಅಡುಗೆಮನೆಯ ಮುರುಕು ಸ್ಟೂಲಿಗೆ ಮೊಳೆ ಹೊಡೆದಳು.

ಕೇಳಬೇಕಾದ ಮುಖ್ಯ ಪ್ರಶ್ನೆ ಒಂದೇ: ‘ನಿಮ್ಮ ಮನೆಯಲ್ಲಿ ಹಾಸಿಗೆ ಹಿಡಿದಿರುವವರು ಬೇಗ ಹೋದರೆ ಸಾಕು ಎಂದು ಒಮ್ಮೆಯಾದರೂ ಅನಿಸಿದೆಯೇ?’

ಹಿಂದಿನ ವರ್ಷ ಇದೇ ಪ್ರಶ್ನೆಯನ್ನು ಬೇರೆ ಬಡಾವಣೆಯಲ್ಲಿ ನೇರವಾಗಿ ಕೇಳಿ ನೋಡಿದ್ದರು. ಮಲಗಿದ್ದವರು ಅದೇ ಕೋಣೆಯಲ್ಲಿ ಕಣ್ಣು ಪಿಳಿಪಿಳಿ ಬಿಡುತ್ತಿದ್ದರೆ ಯಾರು ಹೌದೆಂದಾರು? ಎಲ್ಲರೂ ಇಲ್ಲ ಎಂದರು. ಒಬ್ಬಾಕೆ ಮಾತ್ರ ‘ಛೆ’ ಎಂದಳು. ಛೆ ಎನ್ನುವುದಕ್ಕೆ ಕಾಲಂ ಇರಲಿಲ್ಲ. ಸೋತವರು ಶೇಕಡಾ ಸೊನ್ನೆ ಎಂಬ ವರದಿ ಮೇಲೆ ಹೋಯಿತು. ಮೇಲಿನವರು ಇದು ಊರೋ ಸ್ವರ್ಗವೋ ಎಂದು ಬರೆದು ವಾಪಸ್ ಕಳಿಸಿದರು.

ಆದ್ದರಿಂದ ಈ ಸಲ ಹೊಸ ಅಧಿಕಾರಿ ಬಂದಿದ್ದರು. ಕನ್ನಡಕದ, ಚುರುಕು ಮಾತಿನ ಮೇಡಂ. ಅವರ ಬಳಿ ಹೊಸ ವಿಧಾನವಿತ್ತು. ಒಂದು ಚೀಲ. ಒಳಗೆ ಹತ್ತು ಕೆಂಪು ಬಟನ್, ಹತ್ತು ಬಿಳಿ ಬಟನ್. ಮನೆಯವರು ಕೈಹಾಕಿ ಒಂದನ್ನು ತೆಗೆದು, ತಾವು ಮಾತ್ರ ನೋಡಿಕೊಳ್ಳಬೇಕು. ಕೆಂಪು ಬಂದರೆ ಏನನ್ನೂ ಯೋಚಿಸದೆ ‘ಹೌದು’ ಎನ್ನಬೇಕು. ಬಿಳಿ ಬಂದರೆ ನಿಜ ಹೇಳಬೇಕು. ಬಟನ್ನನ್ನು ಯಾರಿಗೂ ತೋರಿಸದೆ ಚೀಲಕ್ಕೆ ಹಾಕಬೇಕು. ಗಣತಿಯವನು ಮುಖ ಆ ಕಡೆ ತಿರುಗಿಸಿರಬೇಕು.

“ಯಾರಾದ್ರೂ ಹೌದು ಅಂದ್ರೆ, ಅದು ಅವರ ಮಾತೋ ಬಟನ್ ಮಾತೋ ನಿಮಗೆ ಗೊತ್ತಾಗಲ್ಲ. ಅದಕ್ಕೇ ಅವರು ಹೆದರದೆ ನಿಜ ಹೇಳ್ತಾರೆ” ಎಂದರು ಮೇಡಂ.

“ನಮಗೇ ಗೊತ್ತಾಗದಿದ್ರೆ ಕೇಳೋದ್ಯಾಕೆ ಮೇಡಂ?” ಎಂದ ಕಾಲಂ.

“ಒಬ್ಬೊಬ್ಬರದು ಗೊತ್ತಾಗಲ್ಲ. ಎಲ್ಲರದೂ ಕೂಡಿಸಿದ್ರೆ ಗೊತ್ತಾಗತ್ತೆ. ಬಟನ್ ಎಷ್ಟು ಹೌದು ಹೇಳಿಸಿರಬಹುದು ಅಂತ ಲೆಕ್ಕ ಇದೆಯಲ್ಲ, ಅದನ್ನ ಕಳೆದ್ರೆ ಉಳಿಯೋದು ನಿಜ.”

ಇದನ್ನು ಅವರು ಮೂರು ಸಲ ಹೇಳಿದರು. ಮೂರನೆಯ ಸಲಕ್ಕೆ ಕಾಲಂನಿಗೆ ಹೊಳೆಯಿತು. ನೂಕುನುಗ್ಗಲಿನಲ್ಲಿ ತುಳಿದವರು ಯಾರೆಂದು ಗೊತ್ತಾಗುವುದಿಲ್ಲ, ಆದರೆ ಕಾಲು ನೋಯುವುದು ಗೊತ್ತಾಗುತ್ತದಲ್ಲ, ಹಾಗೆ. ಹೊಳೆದ ಮೇಲೆ ಅವನನ್ನು ಹಿಡಿಯುವವರಿಲ್ಲದಂತಾಯಿತು. ಕಚೇರಿಯ ಮೆಟ್ಟಿಲ ಮೇಲೆ, ಬಸ್ಸಿನಲ್ಲಿ, ಕ್ಷೌರದ ಕುರ್ಚಿಯಲ್ಲಿ, ಕೇಳಿದವರಿಗೂ ಕೇಳದವರಿಗೂ ‘ವಿಧಾನ’ವನ್ನು ವಿವರಿಸಿದ. ವಿಧಾನ ಎಂಬ ಪದ ಬಂದಾಗ ತೋರುಬೆರಳು ತಾನಾಗಿ ಮೇಲೇಳುತ್ತಿತ್ತು. ತಾತ್ಕಾಲಿಕ ಗುಮಾಸ್ತನಿಗೆ ಜೀವನದಲ್ಲಿ ಮೊದಲ ಸಲ ಬೇರೆಯವರಿಗೆ ಗೊತ್ತಿಲ್ಲದ ಒಂದು ವಿಷಯ ಗೊತ್ತಾಗಿತ್ತು.

ಚೀಲ, ಬಟನ್‌ಗಳನ್ನು ಇಲಾಖೆ ಕೊಟ್ಟಿರಲಿಲ್ಲ, ನೀವೇ ಹೊಂದಿಸಿಕೊಳ್ಳಿ ಎಂದಿತ್ತು. ಹೆಂಡತಿ ಹಳೆಯ ದಿಂಬಿನ ಬಟ್ಟೆಯಲ್ಲಿ ಚೀಲ ಹೊಲಿದಳು. ಬಟನ್ ಡಬ್ಬಿಯಿಂದ ತನ್ನ ಹರಿದ ಸ್ವೆಟರಿನ ಹತ್ತು ಕೆಂಪು ಬಟನ್ ಕೊಟ್ಟಳು. ಬಿಳಿಯದಕ್ಕೆ ಅಪ್ಪನ ಹಳೆಯ ಶರ್ಟುಗಳಿಂದ ಹತ್ತು ಕತ್ತರಿಸಿದಳು. ಅವರು ಈಗ ತೊಡುತ್ತಿದ್ದ ಶರ್ಟಿನಲ್ಲೂ ಮೂರನೆಯ ಬಟನ್ ಬಿದ್ದುಹೋಗಿತ್ತು. ಡಬ್ಬಿಯಲ್ಲಿ ಆ ಅಳತೆಯ ಬಿಳಿ ಬಟನ್ ಇನ್ನೊಂದು ಉಳಿಯಲಿಲ್ಲ. ಇರಲಿ, ಮಲಗಿದವರಿಗೆ ಮೂರನೆಯ ಬಟನ್ ಯಾಕೆ ಎಂದು ಕಾಲಂ ಹೇಳಿದ.

ಮೊದಲ ಮನೆ ನಿವೃತ್ತ ಹೆಡ್‌ಮಾಸ್ಟರರದು. ಅವರ ತಾಯಿಗೆ ತೊಂಬತ್ತೊಂದು. ಮೇಷ್ಟ್ರು ಚೀಲಕ್ಕೆ ಕೈಹಾಕಿ ಬಟನ್ ತೆಗೆದು, ಕಾಲಂ ಮುಖ ತಿರುಗಿಸುವ ಮೊದಲೇ ಅಂಗೈ ಚಾಚಿದರು. ಕೆಂಪು.

“ಸರ್, ತೋರಿಸಬಾರದು. ಕೆಂಪು ಬಂದಿದೆ, ಹೌದು ಅನ್ನಿ.”

“ಅನ್ನಲ್ಲ.”

“ಅದು ನಿಮ್ಮ ಮಾತಲ್ಲ ಸರ್, ಬಟನ್ ಮಾತು.”

“ಬಾಯಿ ನಂದಲ್ಲವೇನಯ್ಯ?” ಎಂದರು ಮೇಷ್ಟ್ರು. ‘ಇಲ್ಲ’ ಎಂದು ಬರೆಸಿ, ಬರೆದದ್ದನ್ನು ಓದಿಸಿ, ಕಾಗುಣಿತ ಸರಿಯಿದೆಯೆಂದು ನೋಡಿ ಕಳಿಸಿದರು.

ಎರಡನೆಯ ಮನೆಯಾಕೆ ಬಿಳಿ ಬರುವವರೆಗೆ ಬಟನ್ ತೆಗೆದು ತೆಗೆದು ಹಾಕಿದಳು. ಬಿಳಿ ಬಂದ ಕೂಡಲೇ ಒಳಕೋಣೆಯ ಅತ್ತೆಗೆ ಕೇಳುವಂತೆ ಇಲ್ಲ ಎಂದಳು. ಮೂರನೆಯ ಮನೆಯ ಅಣ್ಣ ತಮ್ಮಂದಿರು ಚೀಲಕ್ಕೆ ಕೈಹಾಕುವುದು ಯಾರೆಂದು ಜಗಳವಾಡಿ, ಕೊನೆಗೆ ಇಬ್ಬರೂ ಒಟ್ಟಿಗೆ ಇಲ್ಲ ಎಂದರು. ಇಸ್ತ್ರಿಯವನ ಮನೆಯಲ್ಲಿ ಅವನ ಮಾವ ಮಲಗಿದ್ದರು. ಅವನು ಬಟನ್ನನ್ನು ಬೆಳಕಿಗೆ ಹಿಡಿದು ನೋಡಿ, ಇದು ಒಳ್ಳೆ ಬಟನ್ನು, ಈಗ ಇಂಥದ್ದು ಬರಲ್ಲ ಎಂದ. ಉತ್ತರ ಕೇಳಿದರೆ ಇಲ್ಲವೇ ಇಲ್ಲ ಎಂದ.

ಮೂರು ದಿನದಲ್ಲಿ ನಲವತ್ತು ಮನೆಯಾಯಿತು. ನಲವತ್ತೂ ಇಲ್ಲ. ಕಾಲಂನ ಕಣ್ಣೆದುರಿಗೆ ನರ್ಸ್ ಬಡಾವಣೆಯ ತಿರುವಿನವರೆಗೆ ಬಂದು, ಚಪ್ಪಲಿ ತಿರುಗಿಸಿಕೊಂಡು ವಾಪಸ್ ಹೋಗುವಂತೆ ಕಂಡಿತು. ನಾಲ್ಕನೆಯ ದಿನ ಅವನು ಒಂದು ತೀರ್ಮಾನಕ್ಕೆ ಬಂದ. ಜನ ಕೆಟ್ಟವರಲ್ಲ, ಅವರಿಗೆ ವಿಧಾನ ಅರ್ಥವಾಗಿಲ್ಲ. ಒಮ್ಮೆ ಮಾಡಿ ತೋರಿಸಿದರೆ ಅರ್ಥವಾಗುತ್ತದೆ.

ಅವನು ಮಾಡಿ ತೋರಿಸಲು ಆರಿಸಿಕೊಂಡ ಜಾಗ ತನ್ನ ಮನೆಯ ಮೆಟ್ಟಿಲ ಬುಡ. ಅಲ್ಲಿ ಸಂಜೆ ಹೊತ್ತು ಕುರ್ಚಿ ಹಾಕಿಕೊಂಡು ಕೂರುವವರು ಕಟ್ಟಡದ ಮಾಲೀಕರು, ಎಲ್ಲರೂ ಓನರಮ್ಮ ಎನ್ನುವವರು. ಪಕ್ಕದಲ್ಲೇ ಇಸ್ತ್ರಿಯವನ ಮೇಜು. ಮೇಷ್ಟ್ರು ಬಟ್ಟೆ ಒಯ್ಯಲು ಬಂದು ನಿಂತಿದ್ದರು. ಇನ್ನೂ ಐದಾರು ಜನ ಸೇರಿದರು. ಇವರೆಲ್ಲರ ತಲೆಯ ಮೇಲೆ, ಸರಿಯಾಗಿ ಹನ್ನೆರಡು ಅಡಿ ಎತ್ತರದಲ್ಲಿ, ಅಪ್ಪನ ಕಿಟಕಿ ತೆರೆದಿತ್ತು.

ಕಾಲಂ ಗಂಟಲು ಸರಿಮಾಡಿಕೊಂಡು ವಿಧಾನವನ್ನು ವಿವರಿಸಿದ. ಆಮೇಲೆ ಚೀಲವನ್ನು ಎತ್ತಿ ಹಿಡಿದ. “ನನ್ನ ಮನೆಯಲ್ಲೂ ತಂದೆ ಮಲಗಿದ್ದಾರೆ. ಈಗ ಪ್ರಶ್ನೆ ನನಗೇ ಅಂದ್ಕೊಳ್ಳಿ. ಅವರು ಬೇಗ ಹೋದರೆ ಸಾಕು ಅಂತ ಒಮ್ಮೆಯಾದ್ರೂ ಅನಿಸಿದೆಯೇ?” ಎಂದು ತನ್ನನ್ನೇ ಗಟ್ಟಿಯಾಗಿ ಕೇಳಿಕೊಂಡ. ಕೈಹಾಕಿದ. ತೆಗೆದ. ಮುಷ್ಟಿಯ ಸಂದಿಯಲ್ಲಿ ನೋಡಿದ. ಮುಷ್ಟಿ ಬಿಗಿಹಿಡಿದ.

“ಹೌದು.”

ಇಸ್ತ್ರಿ ಪೆಟ್ಟಿಗೆಯ ಕೆಳಗೆ ಮೇಷ್ಟ್ರ ಶರ್ಟು ಹೊಗೆಯಾಡಿತು.

ಓನರಮ್ಮ ಎರಡೂ ಕೈಯಿಂದ ಕುರ್ಚಿಯ ತೋಳು ಹಿಡಿದುಕೊಂಡು, ಏನಂದೆಯಪ್ಪ ಎಂದು ಕೇಳಿದರು. ಅವನು ನಕ್ಕು, ಇದು ಬಟನ್ ಹೇಳಿಸಿದ್ದೂ ಇರಬಹುದು, ಅದೇ ಇದರ ವಿಶೇಷ ಎಂದ. ಹಾಗಾದರೆ ಬಣ್ಣ ತೋರಿಸು ಎಂದರು ಅವರು.

ಇಲ್ಲಿ ಮುಷ್ಟಿ ಬಿಚ್ಚಿದ್ದರೆ ಕಥೆ ಇರುತ್ತಿರಲಿಲ್ಲ. ಆದರೆ ಕಾಲಂನ ತೋರುಬೆರಳು ಮೇಲೆದ್ದಿತು. “ತೋರಿಸುವಂತಿಲ್ಲ. ತೋರಿಸಿದರೆ ವಿಧಾನ ಕೆಡತ್ತೆ” ಎಂದ.

“ಕೆಂಪಾಗಿದ್ರೆ ತೋರಿಸೋಕೇನು ಕಷ್ಟ?” ಎಂದ ಇಸ್ತ್ರಿಯವನು. ಇಷ್ಟು ಹೊತ್ತೂ ತಲೆತಗ್ಗಿಸಿದ್ದವನು ಆಡಿದ ಒಂದೇ ಮಾತು ಅದು. ಎಲ್ಲರಿಗೂ ಅದು ಬಹಳ ಸರಿಯೆನಿಸಿತು. ಕಾಲಂ ಬಟನ್ ಇದ್ದ ಮುಷ್ಟಿಯನ್ನು ಶರ್ಟಿನ ಜೇಬಿಗಿಳಿಸಿ, ಇನ್ನೂ ಎಪ್ಪತ್ತೊಂದು ಮನೆ ಇದೆ ಎಂದು ಗೊಣಗಿ, ಚೀಲ ಹಿಡಿದು ನಡೆದುಬಿಟ್ಟ. ಬಟನ್ನಿನ ಬಣ್ಣ ಯಾವುದಿತ್ತೆಂದು ಈ ಕಥೆ ಹೇಳುವವನು ಈಗ ಹೇಳುವುದಿಲ್ಲ. ಅದೇ ವಿಧಾನ.

ಅವನು ಮನೆಗೆ ಮರಳುವಷ್ಟರಲ್ಲಿ ಸುದ್ದಿ ಮೂರು ಬೀದಿ ದಾಟಿ, ದಾರಿಯಲ್ಲಿ ಬಟನ್ನನ್ನು ಕಳೆದುಕೊಂಡಿತ್ತು. ಉಳಿದದ್ದು ಇಷ್ಟೇ: ಅಪ್ಪ ಸಾಯಲಿ ಅಂತ ಮಗ ನಡುಬೀದಿಯಲ್ಲಿ ನಿಂತು ಹೇಳಿದ.

ಮರುದಿನ ಬೆಳಿಗ್ಗೆಯಿಂದ ಅಪ್ಪನನ್ನು ನೋಡಲು ಜನ ಬರತೊಡಗಿದರು. ಆರು ವರ್ಷದಲ್ಲಿ ಮಹಡಿ ಹತ್ತದವರೆಲ್ಲ ಹತ್ತಿದರು. ಓನರಮ್ಮ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬಂದು ಅಪ್ಪನ ತಟ್ಟೆಯನ್ನು ಮೂಸಿ ನೋಡಿದರು. ಮೇಷ್ಟ್ರು ನಾಡಿ ಹಿಡಿದು ಗಡಿಯಾರ ನೋಡಿದರು, ಅವರಿಗೆ ನಾಡಿ ಸಿಗಲಿಲ್ಲ, ಗಾಬರಿಯಾಗಿ ಕೂಗಿಕೊಂಡರು. ಅಪ್ಪನೇ ಅವರ ಬೆರಳನ್ನು ಸರಿಯಾದ ಜಾಗಕ್ಕೆ ಇಟ್ಟುಕೊಟ್ಟರು. ಔಷಧಿ ಅಂಗಡಿಯವನು ಆರು ವರ್ಷದಿಂದ ಕೊಡುತ್ತಿದ್ದ ನಿದ್ರೆ ಮಾತ್ರೆಯನ್ನು ಕೊಡಲು ಒಲ್ಲೆ ಎಂದ. ಡಾಕ್ಟರ ಚೀಟಿ ತೋರಿಸಿದರೆ, ಚೀಟಿ ಸರಿಯಾಗಿದೆ, ನೀವು ಸರಿಯಿಲ್ಲ ಎಂದ. ಬೀಟ್ ಪೊಲೀಸಿನವನು ‘ಸುಮ್ಮನೆ ಈ ಕಡೆ ಬಂದಿದ್ದೆ’ ಎಂದು ಬಂದು, ಸುಮ್ಮನೆ ಎಲ್ಲ ಕಪಾಟು ತೆಗೆದು ನೋಡಿದ.

ಬಂದವರೆಲ್ಲ ಕೂತರು, ನಿಟ್ಟುಸಿರು ಬಿಟ್ಟರು, ಚಹಾ ಕುಡಿದರು. ಮಗ್ಗುಲು ಬದಲಿಸುವ ಹೊತ್ತಿಗೆ ಎದ್ದು ಹೋದರು. ಎರಡು ದಿನದಲ್ಲಿ ನಲವತ್ತೇಳು ಲೋಟ ಚಹಾ ಆಯಿತು. ಹೆಂಡತಿ ಸಿಂಕಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಬೈಯುತ್ತಾಳೆ ಎಂದು ಕಾಲಂ ಬಾಗಿಲಲ್ಲೇ ನಿಂತ.

“ಹೌದು ಅಂತ ಹೇಳಿದ್ದು ನೀವು. ಲೋಟ ತೊಳೆಯೋದು ನಾನು” ಎಂದಳು ಅಷ್ಟೆ.

ಅವಳು ಬಣ್ಣ ಕೇಳಲಿಲ್ಲ. ಅವಳು ಬಟ್ಟೆ ನೆನೆಸುವ ಮೊದಲು ಜೇಬು ನೋಡುವ ಹೆಂಗಸು. ಬಸ್ ಟಿಕೆಟ್, ಪೆನ್ನಿನ ಮುಚ್ಚಳ, ಏನು ಸಿಕ್ಕರೂ ಅದರದರ ಜಾಗಕ್ಕೆ ಸೇರಿಸುವವಳು. ಇದು ಕಾಲಂನಿಗೆ ಹದಿನಾಲ್ಕು ವರ್ಷದಿಂದ ಗೊತ್ತಿದ್ದ ವಿಷಯ. ಆದರೂ ಆ ವಾರ ಅವನಿಗೆ ಅದು ನೆನಪಾಗಲಿಲ್ಲ.

ಮೂರನೆಯ ದಿನ ಬೇರೆ ಊರಿನಿಂದ ಅಕ್ಕ ಬಂದಳು. ಬಸ್ಸಿಳಿದು ಮೆಟ್ಟಿಲು ಹತ್ತುವವರೆಗೂ ಅತ್ತಳು, ಅಪ್ಪನ ಕಾಲು ಹಿಡಿದು ಅತ್ತಳು, ಆಮೇಲೆ ಕಣ್ಣೊರೆಸಿಕೊಂಡು ತಮ್ಮನ ಕಡೆ ತಿರುಗಿದಳು. ಹೆತ್ತ ತಂದೆಯ ಬಗ್ಗೆ ಹೀಗೆ ಹೇಳೋಕೆ ನಾಲಿಗೆ ಹೇಗೆ ಬಂತೋ ಎಂದಳು. ಅವನು ವಿಧಾನ ಹೇಳತೊಡಗಿದ. ಅವಳು ನಿನ್ನ ವಿಧಾನಕ್ಕೆ ಬೆಂಕಿ ಬೀಳ ಎಂದಳು. ಇನ್ನು ನಾನೇ ಇದ್ದು ಅಪ್ಪನನ್ನು ನೋಡಿಕೊಳ್ಳುತ್ತೇನೆ ಎಂದು ಕಿಟಕಿಯ ಬಳಿ ನಿಂತು, ಕೆಳಗಿನವರಿಗೂ ಕೇಳುವಂತೆ ಘೋಷಿಸಿದಳು.

ಎರಡು ದಿನ ಅವಳು ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು ನೋಡಿಕೊಂಡಳು. ಕೂತಲ್ಲಿಂದಲೇ ತಮ್ಮನ ಹೆಂಡತಿ ದಿಂಬು ಸರಿಯಾಗಿ ಇಡಲಿಲ್ಲ, ನೀರು ಬಿಸಿ ಸಾಲದು ಎಂದು ಹೇಳಿದಳು. ಅವಳಿಗೆ ಮಂಡಿ ನೋವಂತೆ. ಮೂರನೆಯ ದಿನ ಮಧ್ಯಾಹ್ನ, ಅಪ್ಪನನ್ನು ಅರ್ಧ ಮಗ್ಗುಲಿಗೆ ತಂದಿದ್ದಾಗ, ಹೆಂಡತಿಯ ಸೊಂಟ ಲಟಕ್ಕೆಂದು ಹಿಡಿದುಕೊಂಡಿತು. ಅವಳು ಬಗ್ಗಿದಲ್ಲೇ ನಿಂತಳು. ಅಪ್ಪ ಅರ್ಧಕ್ಕೇ ನಿಂತರು. ಅಕ್ಕ ಎದ್ದು ಕೈಹಚ್ಚಲೇಬೇಕಾಯಿತು. ಅವತ್ತು ಮಧ್ಯಾಹ್ನದಿಂದ ಮರುದಿನ ಬೆಳಿಗ್ಗೆಯವರೆಗೆ ಅಕ್ಕ ಒಂಬತ್ತು ಸಲ ಮಗ್ಗುಲು ಬದಲಿಸಿದಳು, ನಾಲ್ಕು ಸಲ ಹಾಸು ಬದಲಿಸಿದಳು. ಬೆಳಿಗ್ಗೆ ಏಳರ ಬಸ್ಸಿಗೆ ಚೀಲ ಕಟ್ಟಿದಳು.

ಬಸ್ಸು ಹೊರಡುವ ಮುಂಚೆ ಅವಳು ಕಿಟಕಿಯಿಂದ ತಲೆ ಹೊರಹಾಕಿ, “ನಿನ್ನ ಲಿಸ್ಟಿಗೆ ನಮ್ಮೂರು ಬರತ್ತೇನೋ?” ಎಂದು ಕೇಳಿದಳು.

“ಇಲ್ಲ ಅಕ್ಕ. ಈ ಬಡಾವಣೆ ಮಾತ್ರ.”

“ಸರಿ ಹಾಗಾದ್ರೆ” ಎಂದು ಒಳಗೆ ತಲೆ ಎಳೆದುಕೊಂಡಳು. ಯಾಕೆ ಕೇಳಿದಳೆಂದು ಕಾಲಂನಿಗೆ ಬಸ್ಸು ತಿರುವು ದಾಟಿದ ಮೇಲೆ ಹೊಳೆಯಿತು: ಚೀಲ ಅವಳ ಮುಂದೆ ಬಂದಿದ್ದರೆ ಅವಳೂ ಹೌದು ಎನ್ನಬೇಕಾಗುತ್ತಿತ್ತು. ಅವನಿಗೆ ಎಲ್ಲವೂ ಬಸ್ಸು ಹೋದ ಮೇಲೇ ಹೊಳೆಯುವುದು.

ಇಷ್ಟರ ನಡುವೆ ಅವನು ಉಳಿದ ಮನೆಗಳನ್ನೂ ಮುಗಿಸಿದ್ದ. ಈಗ ಯಾರೂ ಚೀಲವನ್ನು ಮುಟ್ಟುತ್ತಲೂ ಇರಲಿಲ್ಲ. ಗೇಟಿನಲ್ಲಿ ಅವನನ್ನು ಕಂಡ ಕೂಡಲೇ ಒಳಗಿನಿಂದಲೇ ಇಲ್ಲ ಎಂದು ಕೂಗುತ್ತಿದ್ದರು. ಕೆಲವರು ಇನ್ನೊಂದು ಮಾತನ್ನೂ ಸೇರಿಸುತ್ತಿದ್ದರು, ನಾವು ನಿಮ್ಮಂಥವರಲ್ಲ ಎಂದು. ಅದಕ್ಕೂ ಕಾಲಂ ಇರಲಿಲ್ಲ.

ಕಚೇರಿಯಲ್ಲಿ ಮೇಡಂ ಹಾಳೆಗಳನ್ನು ತಿರುವಿ, ಲೆಕ್ಕ ಹಾಕಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಲೆಕ್ಕ ಹಾಕಿದರು.

“ನೂರ ಹನ್ನೆರಡರಲ್ಲಿ ಒಂದು ಹೌದು. ಅರ್ಧದಷ್ಟು ಜನಕ್ಕೆ ಕೆಂಪು ಬರಬೇಕಲ್ರೀ? ಎಲ್ಲರೂ ಅಪ್ಪ ಅಮ್ಮನ್ನ ಹೊತ್ತುಕೊಂಡು ಕುಣಿದ್ರೂ ಐವತ್ತು ಹೌದಾದ್ರೂ ಬರಬೇಕಿತ್ತು. ಸೋತವರು ಎಷ್ಟು ಬಂದಿದೆ ಗೊತ್ತಾ? ಶೇಕಡಾ ಮೈನಸ್ ತೊಂಬತ್ತೆಂಟು.”

ಕಾಲಂ ತುಸು ಯೋಚಿಸಿ, “ಅಂದ್ರೆ ಅಷ್ಟೊಂದು ಪ್ರೀತಿನಾ ಮೇಡಂ?” ಎಂದ.

ಮೇಡಂ ಪೆನ್ನು ಕೆಳಗಿಟ್ಟರು. ಸೊನ್ನೆಗಿಂತ ಕಡಿಮೆ ಜನ ಸೋಲುವುದಕ್ಕೆ ಸಾಧ್ಯವಿಲ್ಲ, ಇದರಿಂದ ಗೊತ್ತಾಗುವುದು ಒಂದೇ, ಇಡೀ ಬಡಾವಣೆ ಸುಳ್ಳು ಹೇಳಿದೆ ಎಂದರು. ಆಮೇಲೆ ಆ ಒಂದು ಹೌದು ಯಾರದೆಂದು ಹುಡುಕಿದರು. ಮನೆ ಸಂಖ್ಯೆ ನಲವತ್ತೊಂದು, ಉತ್ತರಿಸಿದವರು ಗಣತಿದಾರ. ಆ ಕಾಲಂ ಖಾಲಿ ಬಿಡಲಾಗದೆ ಮೆಟ್ಟಿಲ ಬುಡದ ಉತ್ತರವನ್ನೇ ಅವನು ಬರೆದಿದ್ದ. ಅವರು ಅದರ ಮೇಲೆ ಅಡ್ಡಗೆರೆ ಎಳೆದರು. ಗಣತಿದಾರ ತನ್ನನ್ನು ತಾನೇ ಕೇಳಿಕೊಳ್ಳುವಂತಿಲ್ಲ. ಸೂಚನೆ ಒಂಬತ್ತನ್ನು ಓದಿ ಎಂದರು. ನೋಡಿಕೊಳ್ಳುವವರು ಗಣತಿದಾರರೋ ಅವರ ಪತಿ ಅಥವಾ ಪತ್ನಿಯೋ ಆಗಿದ್ದರೆ ಪ್ರಶ್ನೆಯನ್ನು ಆರೈಕೆ ಪಡೆಯುತ್ತಿರುವವರಿಗೆ ಕೇಳತಕ್ಕದ್ದು ಎಂದಿತ್ತು. ಆ ಸೂಚನೆ ಬರೆದವರ ಮನೆಯಲ್ಲಿ ಯಾರೂ ಮಲಗಿರಲಿಕ್ಕಿಲ್ಲ.

“ಇದನ್ನ ಬಿಡಬಹುದಾ ಮೇಡಂ?”

“ಬಿಡಬಹುದು. ಆದ್ರೆ ಆ ಕಾಲಂ ಖಾಲಿ ಉಳಿಯತ್ತೆ” ಎಂದರು ಅವರು. ಅವನ ಮರ್ಮ ಅವರಿಗೂ ತಿಳಿದಿತ್ತು.

ಅಂದು ಮಧ್ಯಾಹ್ನವೇ ಅವನು ಮನೆಗೆ ಬಂದ. ಸುದ್ದಿ ಹಬ್ಬಿದ ದಿನದಿಂದ ಅಪ್ಪ ಅವನೊಡನೆ ಆ ವಿಷಯ ಎತ್ತಿರಲಿಲ್ಲ. ನೀರು, ಫ್ಯಾನು, ಕಿಟಕಿ, ಇಷ್ಟೇ ಮಾತು. ಕಾಲಂ ಸ್ಟೂಲು ತಂದು ಮಂಚದ ಪಕ್ಕ ಕೂತು, ಕಚೇರಿಯವನ ದನಿಯಲ್ಲಿ ಸೂಚನೆ ಒಂಬತ್ತನ್ನು ಓದಿ ಹೇಳಿದ. ಅಪ್ಪ ಪೂರ್ತಿ ಕೇಳಿದರು.

“ಚೀಲದಲ್ಲಿ ಎಷ್ಟಿರಬೇಕು?” ಎಂದರು.

“ಹತ್ತು ಕೆಂಪು, ಹತ್ತು ಬಿಳಿ.”

“ಸುರಿ.”

“ಅಪ್ಪ, ಸುರಿಯೋದು ವಿಧಾನದಲ್ಲಿ—”

“ತಕ್ಕಡಿ ಪರೀಕ್ಷೆ ಮಾಡದೆ ತೂಕ ನೋಡಲ್ಲ ನಾನು. ಸುರಿ.”

ಅವನು ಹೊದಿಕೆಯ ಮೇಲೆ ಸುರಿದ. ಅಪ್ಪ ಬಲಗೈಯ ತೋರುಬೆರಳಿನಿಂದ ಒಂದೊಂದನ್ನೇ ಸರಿಸುತ್ತ ಕೆಂಪನ್ನು ಒಂದು ಕಡೆ, ಬಿಳಿಯನ್ನು ಒಂದು ಕಡೆ ಸಾಲು ಮಾಡಿದರು. ಮೂವತ್ತು ವರ್ಷದ ಅಭ್ಯಾಸದ ಬೆರಳು. ಕೆಂಪು ಹತ್ತಾಯಿತು. ಬಿಳಿ ಒಂಬತ್ತಕ್ಕೆ ನಿಂತಿತು. ಅವರು ಇನ್ನೊಮ್ಮೆ ಎಣಿಸಿದರು. ಹೊದಿಕೆಯ ಮಡಿಕೆಯನ್ನು ಕೊಡವಿ ನೋಡಿದರು.

“ಒಂದು ಬಿಳಿ ಕಮ್ಮಿ. ಇಷ್ಟು ದಿನ ಸುಳ್ಳು ತಕ್ಕಡಿ ಇಟ್ಕೊಂಡು ಬೀದಿಬೀದಿ ಸುತ್ತಿದ್ದೀಯ” ಎಂದರು.

ಎಲ್ಲೋ ಬಿದ್ದಿರಬೇಕು ಎಂದು ಹೇಳಲು ಕಾಲಂ ಬಾಯಿ ತೆರೆದ. ಆಗ ಅವನ ಕಣ್ಣು ಅಪ್ಪನ ಎದೆಯ ಮೇಲೆ ಬಿತ್ತು. ಶರ್ಟಿನ ಮೂರನೆಯ ಬಟನ್. ಎರಡು ವಾರದ ಹಿಂದೆ ಅಲ್ಲಿ ಬರೀ ದಾರದ ತುದಿ ಇತ್ತು. ಈಗ ಅಲ್ಲೊಂದು ಬಿಳಿ ಬಟನ್, ಹೆಂಡತಿಯ ಗಟ್ಟಿ ಹೊಲಿಗೆಯಲ್ಲಿ ಕೂತಿತ್ತು. ಅವಳಿಗೆ ಅವನ ಜೇಬಿನಲ್ಲಿ ಸಿಕ್ಕಿದೆ. ಅದರ ಜಾಗಕ್ಕೆ ಸೇರಿಸಿದ್ದಾಳೆ.

ಅಪ್ಪನೂ ಗದ್ದವನ್ನು ಎದೆಗೆ ಒತ್ತಿಕೊಂಡು ಕೆಳಗೆ ನೋಡಿಕೊಂಡರು. ಹೆಬ್ಬೆರಳಿನಿಂದ ಆ ಬಟನ್ನನ್ನು ಒಮ್ಮೆ ಸವರಿದರು. ಮೆಟ್ಟಿಲ ಬುಡದಲ್ಲಿ ಮಗ ಹೌದು ಎಂದದ್ದನ್ನು ಅವರು ಇದೇ ದಿಂಬಿನ ಮೇಲಿಂದ ಕೇಳಿದ್ದರು. ಬಿಳಿ ಬಂದರೆ ನಿಜ ಹೇಳಬೇಕು ಎಂಬುದನ್ನೂ ಕೇಳಿದ್ದರು. ಇನ್ನು ಎಣಿಸಲು ಏನೂ ಉಳಿದಿರಲಿಲ್ಲ.

ಕಾಲಂನ ತೋರುಬೆರಳು ಈ ಸಲ ಮೇಲೇಳಲಿಲ್ಲ. ಏನಾದರೂ ಹೇಳಬೇಕೆಂದು ಅವನು ಮುಂದಕ್ಕೆ ಬಗ್ಗಿದ. ಅಪ್ಪ ಅವನಿಗೆ ಆ ಕಷ್ಟ ಕೊಡಲಿಲ್ಲ.

“ಚೀಲಕ್ಕೆ ತುಂಬು. ಆ ಕಡೆ ಮುಖ ಮಾಡು. ಪ್ರಶ್ನೆ ಸರಿಯಾಗಿ ಓದು.”

ಅವನು ಗೋಡೆಯ ಕಡೆ ತಿರುಗಿ ಓದಿದ. “ನಿಮ್ಮ ಮನೆಯಲ್ಲಿ ಹಾಸಿಗೆ ಹಿಡಿದಿರುವವರು ಬೇಗ ಹೋದರೆ ಸಾಕು ಎಂದು ಒಮ್ಮೆಯಾದರೂ ಅನಿಸಿದೆಯೇ?”

ಬೆನ್ನ ಹಿಂದೆ ಚೀಲದೊಳಗೆ ಬಟನ್‌ಗಳು ಕದಡಿದ ಸದ್ದಾಯಿತು. ಆಮೇಲೆ ಏನೂ ಇಲ್ಲ. ಅಪ್ಪ ಕೈಯನ್ನು ಬೆಳಕಿಗೆ ತಂದಿರಬೇಕು.

“ಹೌದು” ಎಂದರು. ಸ್ವಲ್ಪ ಬಿಟ್ಟು, “ಬರ್ಕೋ” ಎಂದರು.

ಅವನು ಬರೆದುಕೊಂಡ. ಆ ಬಡಾವಣೆಯ ನೂರ ಹನ್ನೆರಡು ಮನೆಗಳಲ್ಲಿ ವಿಧಾನದ ಪ್ರಕಾರ, ಒಂದು ಬಿಳಿ ಕಮ್ಮಿಯಿದ್ದದ್ದು ಬಿಟ್ಟರೆ, ಒಂದು ನಿಯಮವೂ ಮುರಿಯದೆ ನಡೆದ ಸಂದರ್ಶನ ಅದೊಂದೇ. ಆದರೆ ಬಟನ್ ಚೀಲಕ್ಕೆ ಮರಳಿ ಬಿದ್ದ ಸದ್ದು ಅವನಿಗೆ ಕೇಳಲಿಲ್ಲ. ತಿರುಗಿ ನೋಡಿದರೆ ಅಪ್ಪ ಕಣ್ಣು ಮುಚ್ಚಿದ್ದರು. ಬಲ ಮುಷ್ಟಿ ಬಿಗಿಯಾಗಿ ಎದೆಯ ಮೇಲಿತ್ತು.

ಚೀಲದಲ್ಲಿ ಉಳಿದದ್ದನ್ನು ಎಣಿಸಿದರೆ ಮುಷ್ಟಿಯೊಳಗಿನ ಬಣ್ಣ ತಿಳಿಯುತ್ತಿತ್ತು. ಇಷ್ಟು ಲೆಕ್ಕ ಕಾಲಂನಿಗೂ ಬರುತ್ತಿತ್ತು. ಅವನು ಚೀಲ ಹಿಡಿದುಕೊಂಡು ಕೂತಿದ್ದ. ಮಗ್ಗುಲು ಬದಲಿಸುವ ಹೊತ್ತಾಗಿ ಹೆಂಡತಿ ಗೋಡೆ ಹಿಡಿದುಕೊಂಡು ಬಂದಳು. ಒಮ್ಮೆ ಮುಷ್ಟಿ ನೋಡಿದಳು, ಒಮ್ಮೆ ಗಂಡನ ಮುಖ ನೋಡಿದಳು. ಕೆಲಸ ಮುಗಿಯಿತಲ್ಲ, ಬಟನ್ ಕೊಡಿ ಎಂದಳು.

“ಎಣಿಸಬೇಡ” ಎಂದ ಅವನು.

“ನಾನ್ಯಾಕೆ ಎಣಿಸಲಿ” ಎಂದಳು. ಕಪಾಟಿನಿಂದ ಬಟನ್ ಡಬ್ಬಿ ತೆಗೆದು, ಅದರಲ್ಲಿದ್ದ ನೂರಾರು ಬಣ್ಣಬಣ್ಣದ ಬಟನ್‌ಗಳ ಮೇಲೆ ಚೀಲವನ್ನು ಬೋರಲು ಹಾಕಿ, ಮುಚ್ಚಳ ಒತ್ತಿ, ಚೆನ್ನಾಗಿ ಕುಲುಕಿದಳು.

ಮೇಡಂ ಮತ್ತೆ ಲೆಕ್ಕ ಹಾಕಿದರು. ಒಂದು ಹೌದು ಹೋಗಿ ಒಂದು ಹೌದು ಬಂದಿತ್ತು. ಮೈನಸ್ ತೊಂಬತ್ತೆಂಟು ಹಾಗೇ ಉಳಿಯಿತು. ಈ ಅಂಕಿ ನಂಬುವಂಥದ್ದಲ್ಲ ಎಂದು ಅವರು ಎರಡು ಪುಟ ಬರೆದು ಜೊತೆಗಿಟ್ಟರು. ಮೇಲಿನವರು ಅಂಕಿಯನ್ನು ಓದಿದರು, ಪುಟಗಳನ್ನು ಓದಲಿಲ್ಲ. ಎರಡು ತಿಂಗಳ ಮೇಲೆ ಉತ್ತರ ಬಂತು. ಈ ಬಡಾವಣೆಯಲ್ಲಿ ಆರೈಕೆಯಿಂದ ಸೋತವರ ಪ್ರಮಾಣ ಸೊನ್ನೆಗಿಂತಲೂ ಬಹಳ ಕಡಿಮೆ ಇರುವುದರಿಂದ ನರ್ಸ್ ಅಗತ್ಯ ಕಂಡುಬರುವುದಿಲ್ಲ ಎಂದಿತ್ತು. ಜೊತೆಗೆ ಚೌಕಟ್ಟು ಹಾಕಿದ ಒಂದು ಪ್ರಶಂಸಾ ಪತ್ರ: ‘ಹಿರಿಯರನ್ನು ಮಾದರಿಯಾಗಿ ನೋಡಿಕೊಳ್ಳುತ್ತಿರುವ ಬಡಾವಣೆ’. ಕಾಲಂನ ತಾತ್ಕಾಲಿಕ ಹುದ್ದೆಯನ್ನು ಇನ್ನೊಂದು ವರ್ಷ ತಾತ್ಕಾಲಿಕವಾಗಿ ಮುಂದುವರಿಸಿದ್ದರು.

ಪತ್ರವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಬೇಕೆಂದು ಓನರಮ್ಮ ಹೇಳಿದರು. ಜಾಗ ಮೆಟ್ಟಿಲ ಬುಡವೇ ಆಯಿತು. ಮೇಷ್ಟ್ರು ಅಕ್ಷರ ತಪ್ಪಿಲ್ಲವೆಂದು ಪರೀಕ್ಷಿಸಿದರು. ಇಸ್ತ್ರಿಯವನು ಗಾಜು ಒರೆಸಿದ. ಮೊಳೆ ಹೊಡೆದವನು ಕಾಲಂ, ಯಾಕೆಂದರೆ ಸುತ್ತಿಗೆ ಇದ್ದದ್ದು ಅವರ ಮನೆಯಲ್ಲಿ. ನಮ್ಮ ಬಡಾವಣೆಗೆ ನಿನ್ನಿಂದ ಕೆಟ್ಟ ಹೆಸರು ಬರುವುದಿತ್ತು, ಹೇಗೋ ತಪ್ಪಿತು ಎಂದು ಓನರಮ್ಮ ಅವನಿಗೆ ಹೇಳಿದರು.

ಅವನು ಸುತ್ತಿಗೆ ಹಿಡಿದು ಮೇಲೆ ಹತ್ತಿದಾಗ ಹೆಂಡತಿ ಮಂಚದ ಒಂದು ಬದಿಯಲ್ಲಿ ಆಗಲೇ ಬಗ್ಗಿ ನಿಂತಿದ್ದಳು.

“ಏನು ಬರೆದಿದೆ ಅದ್ರಲ್ಲಿ?” ಎಂದಳು.

ಅವನು ಹೇಳಿದ.

“ನಮ್ಮನೆನೂ ಸೇರಿದೆಯಾ?”

“ಸೇರಿದೆ. ನೂರ ಹನ್ನೆರಡೂ ಸೇರಿದೆ.”

“ಹಾಗಾದ್ರೆ ಆ ಕಡೆ ಹಿಡ್ಕೊಳ್ಳಿ” ಎಂದಳು.

ಅವನು ಹಿಡಿದುಕೊಂಡ. ಎಣಿಸುವ ಕೆಲಸ ಯಾವಾಗಲೂ ಅಪ್ಪನದೇ. “ಒಂದು” ಎಂದರು ಅವರು. “ಎರಡು” ಎಂದರು. ಮೂರು ಎನ್ನುವಷ್ಟು ಹೊತ್ತು ಕಾಯಲು ಇಬ್ಬರ ಸೊಂಟಕ್ಕೂ ಆಗಲಿಲ್ಲ. ಎರಡಕ್ಕೇ ಎತ್ತಿದರು.